ಆರ್ಗಾನ್‌ನ ತೂಕ ಅರಿತು ಬೆಸುಗೆ ಹಾಕುವುದು: ಮಲೆನಾಡಿನ ಸಣ್ಣ ವರ್ಕ್‌ಶಾಪಿಗೆ ಒಂದು ಕೈಪಿಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆ ಸ್ಟೇನ್‌ಲೆಸ್ ಸ್ಟೀಲಿನ ಕೆಲಸ ಮಾಡುವ ಶೆಡ್ಡುಗಳಲ್ಲಿ ಟಿಗ್ ವೆಲ್ಡಿಂಗ್ ಎಂದರೆ ಒಮ್ಮೊಮ್ಮೆ ಅರ್ಥವಾಗದೇ ಹೋಗಬಹುದು, ಆದರೆ ‘ಆರ್ಗಾನ್ ವೆಲ್ಡಿಂಗ್’ ಎಂದರೆ ಚಿಕ್ಕ ಹುಡುಗರೂ ಮೂಲೆಯಲ್ಲಿರುವ ಮಷೀನನ್ನು ತೋರಿಸುತ್ತಾರೆ. ಕರಗದ ಟಂಗ್‌ಸ್ಟನ್ ಕಡ್ಡಿಯ ಮೊನೆಯಿಂದ ಲೋಹಕ್ಕೆ ವಿದ್ಯುತ್ ಕಿಡಿ (ಆರ್ಕ್) ಹಾಯಿಸಿ ಅದನ್ನು ಕರಗಿಸುತ್ತಾ, ಟಾರ್ಚ್ ಎಂಬ ಹಿಡಿಕೆಯ ಬಾಯಿಯಿಂದ (ನಾಜಲ್) ಆರ್ಗಾನ್ ಬಿಟ್ಟು ಗಾಳಿ ತಗುಲದಂತೆ ಕಾಯುವ ಬೆಸುಗೆ ಇದು. ಅಡಿಕೆ ಬೇಯಿಸುವ ಹಂಡೆಯ ಸೀಳು ಮುಚ್ಚುವುದಿರಲಿ, ಹಾಲಿನ ಕ್ಯಾನಿಗೆ ಕಿತ್ತುಹೋದ ಹಿಡಿ ಕೂರಿಸುವುದಿರಲಿ, ಮಹಡಿ ಮೆಟ್ಟಿಲಿನ ರೇಲಿಂಗ್ ಇರಲಿ, ಕೆಲಸಕ್ಕೆ ಅನಿಲದ ಹೆಸರನ್ನೇ ಇಟ್ಟಿರುವುದು ನ್ಯಾಯವಾಗಿಯೇ ಇದೆ. ಹಾಗಿದ್ದೂ, ಹೊಸಬರಿಗೆ ಆಂಪಿಯರ್ ಎಷ್ಟಿಡಬೇಕು, ಕೈ ಹೇಗೆ ನಡೆಸಬೇಕು ಎಂಬುದನ್ನು ಹೇಳಿಕೊಡುವಷ್ಟು ಕಾಳಜಿಯಿಂದ ಆ ಅನಿಲದ ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ನಾನು ಇದುವರೆಗೆ ಕೆಡಿಸಿದ ಬೆಸುಗೆಗಳಲ್ಲಿ ಕೈಯ ತಪ್ಪಿನಿಂದ ಕೆಟ್ಟವು ಕಡಿಮೆ. ಅನಿಲದ ಸ್ವಭಾವ ತಿಳಿಯದೆ ಕೆಟ್ಟವೇ ಹೆಚ್ಚು. ಆ ಸ್ವಭಾವದಲ್ಲಿ ಎರಡು ಸಂಗತಿಗಳು ಮುಖ್ಯ: ಆರ್ಗಾನ್ ಯಾವುದರೊಂದಿಗೂ ಕೂಡುವುದಿಲ್ಲ, ಮತ್ತು ಅದು ಗಾಳಿಗಿಂತ ಭಾರ. ಮುಂದೆ ಹೇಳುವ ಕ್ರಮಗಳೆಲ್ಲ ಈ ಎರಡರಿಂದಲೇ ಹುಟ್ಟುತ್ತವೆ.

ತೂಕದಲ್ಲಿ ಸಿಕ್ಕಿಬಿದ್ದ ಅನಿಲ

ಈ ಅನಿಲ ಪತ್ತೆಯಾದದ್ದು ಕೂಡ ಅದರ ಭಾರದಿಂದಲೇ. 1890ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀ ಅನಿಲಗಳ ಸಾಂದ್ರತೆಯನ್ನು ಬಹಳ ಸೂಕ್ಷ್ಮವಾಗಿ ಅಳೆಯುತ್ತಿದ್ದರು. ಗಾಳಿಯಿಂದ ಆಮ್ಲಜನಕ ಮುಂತಾದವನ್ನು ತೆಗೆದು ಉಳಿಸಿಕೊಂಡ ಸಾರಜನಕ ಲೀಟರಿಗೆ 1.2572 ಗ್ರಾಂ ತೂಗಿದರೆ, ರಾಸಾಯನಿಕ ಸಂಯುಕ್ತಗಳಿಂದ ತಯಾರಿಸಿದ ಸಾರಜನಕ 1.2505 ಗ್ರಾಂ ಮಾತ್ರ ತೂಗುತ್ತಿತ್ತು. ವ್ಯತ್ಯಾಸ ಇನ್ನೂರರಲ್ಲಿ ಒಂದು ಪಾಲಿನಷ್ಟು. ಅಳತೆಯ ದೋಷವೆಂದು ಪಕ್ಕಕ್ಕಿಟ್ಟುಬಿಡಲು ಯಾರಿಗೂ ಸುಲಭವಾಗಿತ್ತು. ರೇಲೀ ಹಾಗೆ ಮಾಡಲಿಲ್ಲ. 1892ರಲ್ಲಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಇದಕ್ಕೆ ಕಾರಣವೇನಿರಬಹುದೆಂದು ಓದುಗರನ್ನೇ ಕೇಳಿದರು. ವಿಲಿಯಂ ರಾಮ್ಸೆ ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಮ್ಮಿನ ಮೇಲೆ ಮತ್ತೆ ಮತ್ತೆ ಹಾಯಿಸಿ, ಸಾರಜನಕವನ್ನೆಲ್ಲ ಲೋಹ ಹೀರಿಕೊಂಡ ಮೇಲೂ ಉಳಿಯುವ ಒಂದಿಷ್ಟು ಅನಿಲವನ್ನು ಹಿಡಿದರು. ಅದರ ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣದ ಗೆರೆಗಳು, ಅಂದರೆ ರೋಹಿತದ ರೇಖೆಗಳು, ಆವರೆಗೆ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. 1894ರ ಆಗಸ್ಟಿನಲ್ಲಿ ಆಕ್ಸ್‌ಫರ್ಡಿನ ಸಭೆಯೊಂದರಲ್ಲಿ ಇಬ್ಬರೂ ಕೂಡಿ ಈ ಸುದ್ದಿಯನ್ನು ಹೊರಗೆಡವಿದರು. ಯಾವ ಕೆಲಸವನ್ನೂ ಮಾಡದ ಅನಿಲವೆಂದು ಅದಕ್ಕೆ ಗ್ರೀಕಿನಲ್ಲಿ ಸೋಮಾರಿ ಎಂಬರ್ಥದ ಹೆಸರು ಬಿತ್ತು.

ಇದಕ್ಕೂ ನೂರೊಂಬತ್ತು ವರ್ಷ ಮೊದಲು, 1785ರಲ್ಲಿ, ಹೆನ್ರಿ ಕ್ಯಾವೆಂಡಿಶ್ ಗಾಳಿಯ ಸಾರಜನಕವನ್ನು ವಿದ್ಯುತ್ ಕಿಡಿಯಿಂದ ಆಮ್ಲಜನಕದೊಂದಿಗೆ ಕೂಡಿಸುತ್ತಾ ಹೋದಾಗ ಕೊನೆಗೆ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲದ ಒಂದು ಗುಳ್ಳೆ ಉಳಿದಿತ್ತೆಂದು ಬರೆದಿಟ್ಟಿದ್ದರು. ಆ ಗುಳ್ಳೆ ಬಹುಮಟ್ಟಿಗೆ ಆರ್ಗಾನೇ. 1904ರಲ್ಲಿ ರೇಲೀ ಅವರಿಗೆ ಭೌತಶಾಸ್ತ್ರದ, ರಾಮ್ಸೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು.

ನಾವು ಉಸಿರಾಡುವ ಗಾಳಿಯ ಗಾತ್ರದಲ್ಲಿ ಆರ್ಗಾನ್ ಶೇಕಡಾ 0.93ರಷ್ಟಿದೆ, ಅಂದರೆ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಇದರಲ್ಲಿ ಬಹುತೇಕ ಎಲ್ಲವೂ ಭೂಮಿಯ ಬಂಡೆಗಳಲ್ಲಿರುವ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಪರಮಾಣು ಕೋಟ್ಯಂತರ ವರ್ಷಗಳಲ್ಲಿ ಕ್ಷಯಿಸುತ್ತಾ ಬಂದದ್ದರ ಫಲ. ಅಡಿಕೆ ಮರದ ಬುಡಕ್ಕೆ ನಾವು ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿಯೂ ಹತ್ತು ಸಾವಿರ ಪೊಟ್ಯಾಸಿಯಂ ಪರಮಾಣುಗಳಲ್ಲಿ ಒಂದರಷ್ಟು ಈ ಬಗೆಯದಿದ್ದು, ಅವುಗಳಲ್ಲಿ ನೂರಕ್ಕೆ ಹನ್ನೊಂದರಷ್ಟು ಎಂದಾದರೊಂದು ದಿನ ಆರ್ಗಾನ್ ಆಗಲಿವೆ. ಸಿಲಿಂಡರ್ ತುಂಬಿಸುವುದಕ್ಕೆ ಇದು ಉಪಯೋಗಕ್ಕೆ ಬಾರದ ಮಾತು, ಆದರೂ ತೋಟದಲ್ಲಿ ನಿಂತಾಗ ನನಗೆ ನೆನಪಾಗುತ್ತದೆ.

ಬೆಸುಗೆಗೆ ಇದೇ ಅನಿಲ ಏಕೆ

ಆರ್ಗಾನ್ ಪರಮಾಣುವಿನ ಹೊರಕವಚ ಎಂಟು ಎಲೆಕ್ಟ್ರಾನುಗಳಿಂದ ತುಂಬಿದೆ, ಆದ್ದರಿಂದ ಅದಕ್ಕೆ ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ. ಅದನ್ನು ಒಳಗೊಂಡ ಸಂಯುಕ್ತವೊಂದನ್ನು ಹೆಲ್ಸಿಂಕಿಯ ವಿಜ್ಞಾನಿಗಳು 2000ದಲ್ಲಿ ತಯಾರಿಸಿದರಾದರೂ, ಅದು ಉಳಿದದ್ದು ಪರಮಶೂನ್ಯಕ್ಕೆ ಬಹಳ ಸಮೀಪದ ಚಳಿಯಲ್ಲಿ ಮಾತ್ರ. ಸಾವಿರಾರು ಡಿಗ್ರಿ ಶಾಖದ ಆರ್ಕ್‌ನಲ್ಲಿ ಕರಗಿದ ಉಕ್ಕು ಗಾಳಿಯ ಆಮ್ಲಜನಕವನ್ನೂ ಸಾರಜನಕವನ್ನೂ ತೇವಾಂಶದ ಜಲಜನಕವನ್ನೂ ಎಳೆದುಕೊಳ್ಳಲು ಕಾಯುತ್ತಿರುವಾಗ, ಅವುಗಳ ನಡುವೆ ಅಡ್ಡ ನಿಲ್ಲಲು ಇಂಥ ನಿರ್ಲಿಪ್ತ ಅನಿಲವೇ ಬೇಕು. ಹೀಲಿಯಂ ಕೂಡ ಜಡವೇ. ರಸೆಲ್ ಮೆರೆಡಿತ್ 1940ರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನ ಕಾರ್ಖಾನೆಯಲ್ಲಿ ಈ ಬಗೆಯ ವೆಲ್ಡಿಂಗನ್ನು ರೂಪಿಸಿದಾಗ ಬಳಸಿದ್ದು ಹೀಲಿಯಮ್ಮನ್ನೇ. ಆದರೆ ಹೀಲಿಯಂ ಗಾಳಿಯ ಏಳರಲ್ಲಿ ಒಂದು ಪಾಲು ತೂಗುವುದರಿಂದ ಬೆಸುಗೆಯ ಮೇಲೆ ನಿಲ್ಲದೆ ಮೇಲಕ್ಕೇರಿ ಹೋಗುತ್ತದೆ. ಆರ್ಗಾನ್ ಲೀಟರಿಗೆ 1.78 ಗ್ರಾಂ, ಗಾಳಿಗಿಂತ ಸುಮಾರು ಒಂದೂಕಾಲು ಪಟ್ಟಿಗೂ ಹೆಚ್ಚು ತೂಗುವುದರಿಂದ ಕಂಬಳಿ ಹೊದಿಸಿದಂತೆ ಕೆಳಗೆ ಕೂರುತ್ತದೆ. ಜೊತೆಗೆ ಆರ್ಗಾನ್‌ನಲ್ಲಿ ಆರ್ಕ್ ಹೊತ್ತಿಸುವುದು ಸುಲಭ, ಬೆಲೆಯೂ ಹೀಲಿಯಮ್ಮಿಗಿಂತ ಬಹಳ ಕಡಿಮೆ.

ಹಳೆಯ ಬಲ್ಬಿನ ತಂತಿ ಬೇಗ ಸವೆಯದಂತೆ ಒಳಗೆ ತುಂಬುವುದು, ಟ್ಯೂಬ್‌ಲೈಟಿನಲ್ಲಿ ಪಾದರಸದ ಆವಿಯ ಜೊತೆಗಿರುವುದು, ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕಿನೊಳಗೆ ಗುಳ್ಳೆಯಾಗಿ ಹಾಯ್ದು ಅದನ್ನು ಕದಡುವುದು ಇದರ ಇತರ ಉಪಯೋಗಗಳು.

ಸಿಲಿಂಡರ್ ತರುವಾಗ

ಆರ್ಗಾನನ್ನು ತೆಗೆಯುವುದು ಗಾಳಿಯನ್ನು ದ್ರವವಾಗುವಷ್ಟು ತಣಿಸಿ, ನಂತರ ಒಂದೊಂದೇ ಅನಿಲವನ್ನು ಕುದಿಸಿ ಬೇರ್ಪಡಿಸುವುದರಿಂದ. ಸಾರಜನಕ ಮೈನಸ್ 196 ಡಿಗ್ರಿಯಲ್ಲಿ, ಆರ್ಗಾನ್ ಮೈನಸ್ 186ರಲ್ಲಿ, ಆಮ್ಲಜನಕ ಮೈನಸ್ 183ರಲ್ಲಿ ಕುದಿಯುತ್ತವೆ. ಆರ್ಗಾನ್ ಮತ್ತು ಆಮ್ಲಜನಕದ ನಡುವೆ ಮೂರೇ ಡಿಗ್ರಿಯ ಅಂತರವಿರುವುದರಿಂದ ಶುದ್ಧೀಕರಣ ಸರಿಯಾಗದಿದ್ದರೆ ನಮಗೆ ಯಾವುದು ಬೇಡವೋ ಅದೇ ಒಳಗೆ ಉಳಿಯುತ್ತದೆ. ಆದುದರಿಂದ ಶೇಕಡಾ 99.99 ಅಥವಾ ಅದಕ್ಕೂ ಮೇಲಿನ ಶುದ್ಧತೆಯ ಅನಿಲವನ್ನೇ ಕೇಳಿ ತರಬೇಕು. ಸಾಮಾನ್ಯ ಉಕ್ಕಿಗೆ (ಮೈಲ್ಡ್ ಸ್ಟೀಲ್) ಬಳಸುವ, ತಂತಿಯೇ ಕರಗಿ ತುಂಬುವ ಮಿಗ್ ವೆಲ್ಡಿಂಗಿಗಾಗಿ ಇಂಗಾಲದ ಡೈಆಕ್ಸೈಡ್ ಬೆರೆಸಿದ ಆರ್ಗಾನ್ ಸಿಲಿಂಡರುಗಳೂ ಬರುತ್ತವೆ. ಅವು ಟಿಗ್ ಕೆಲಸಕ್ಕೆ ಸರ್ವಥಾ ಆಗವು. ಒಮ್ಮೆ ಅಂಥ ಸಿಲಿಂಡರನ್ನು ಯಾರೋ ತಪ್ಪಾಗಿ ಕಳಿಸಿದ್ದನ್ನು ನಾನು ನೋಡದೆ ಜೋಡಿಸಿ, ಟಂಗ್‌ಸ್ಟನ್‌ನ ಮೊನೆ ಕ್ಷಣದಲ್ಲಿ ಹಸಿರು-ಹಳದಿ ಪುಡಿಯಾಗಿ ಉದುರಿದಾಗ ಅರ್ಧ ದಿನ ಮಷೀನನ್ನೇ ಬೈಯುತ್ತಾ ಕುಳಿತಿದ್ದೆ. ನಮ್ಮ ದೇಶದಲ್ಲಿ ಆರ್ಗಾನ್ ಸಿಲಿಂಡರಿಗೆ ನೀಲಿ ಬಣ್ಣವಿದ್ದರೂ ಬಣ್ಣವನ್ನು ನಂಬದೆ ಚೀಟಿಯನ್ನು ಓದುವುದು, ಕತ್ತಿನ ಬಳಿ ಕೆತ್ತಿರುವ ಒತ್ತಡ ಪರೀಕ್ಷೆಯ ದಿನಾಂಕ ಐದು ವರ್ಷ ದಾಟಿಲ್ಲವೆಂದು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಸಾಮಾನ್ಯವಾಗಿ ಸಿಗುವ ದೊಡ್ಡ ಸಿಲಿಂಡರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 150 ಕೆ.ಜಿ. ಒತ್ತಡದಲ್ಲಿ, ಹೊರಬಿಟ್ಟರೆ 7 ಘನ ಮೀಟರ್, ಅಂದರೆ 7,000 ಲೀಟರ್ ಆಗುವಷ್ಟು ಅನಿಲವಿರುತ್ತದೆ. ಅಡುಗೆ ಮನೆಯ ಸಿಲಿಂಡರಿನಲ್ಲಿ ಅನಿಲ ದ್ರವವಾಗಿ ಇರುವುದರಿಂದ ಅದು ಮುಗಿಯುವವರೆಗೂ ಒತ್ತಡ ಇಳಿಯುವುದಿಲ್ಲ, ಆರ್ಗಾನ್ ಹಾಗಲ್ಲ. ನಮ್ಮ ಹವೆಯಲ್ಲಿ ಅದನ್ನು ಎಷ್ಟು ಒತ್ತಿದರೂ ದ್ರವವಾಗದ ಕಾರಣ, ಒತ್ತಡದ ಮೀಟರಿನ ಮುಳ್ಳು ಅರ್ಧಕ್ಕೆ ಇಳಿದರೆ ಅನಿಲವೂ ಅರ್ಧ ಮುಗಿದಿದೆ ಎಂದು ನೇರವಾಗಿ ಲೆಕ್ಕ ಹಿಡಿಯಬಹುದು. ತುಂಬಿದ ಸಿಲಿಂಡರ್ ಖಾಲಿಯದಕ್ಕಿಂತ 11-12 ಕಿಲೋ ಹೆಚ್ಚು ತೂಗುತ್ತದೆ. ಅನುಮಾನವಿದ್ದವರು ಅಡಿಕೆ ತೂಗುವ ತಕ್ಕಡಿಯ ಮೇಲಿಟ್ಟು ನೋಡಬಹುದು. ನಿಮಿಷಕ್ಕೆ 8 ಲೀಟರಿನಂತೆ ಬಿಟ್ಟರೆ ಒಂದು ಸಿಲಿಂಡರ್ ಹದಿನಾಲ್ಕೂವರೆ ಗಂಟೆ ಆರ್ಕ್‌ಗೆ ಸಾಕು, 10 ಲೀಟರಿನಂತೆ ಬಿಟ್ಟರೆ ಹನ್ನೊಂದೂಮುಕ್ಕಾಲು ಗಂಟೆಗೆ ಬರಿದಾಗುತ್ತದೆ.

ಘಟ್ಟದ ತಿರುವುಗಳಲ್ಲಿ ತರುವಾಗ ವಾಲ್ವಿನ ಮೇಲಿನ ಟೋಪಿ ಹಾಕಿ, ಹಗ್ಗದಿಂದ ಬಿಗಿದು, ತೆರೆದ ಗಾಡಿಯಲ್ಲಿ ತರಬೇಕು. ಕಿಟಕಿ ಮುಚ್ಚಿದ ಕಾರಿನೊಳಗೆ ಎಂದೂ ಇಡಬಾರದು. ಶೆಡ್ಡಿನಲ್ಲಿ ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಹಾಕಬೇಕು.

ಜೋಡಣೆ ಮತ್ತು ಹರಿವು

ರೆಗ್ಯುಲೇಟರ್ ಕೂರಿಸುವ ಮೊದಲು ವಾಲ್ವನ್ನು ಒಂದು ಕ್ಷಣ ಸ್ವಲ್ಪವೇ ತೆರೆದು ಮುಚ್ಚಿದರೆ ಬಾಯಿಯಲ್ಲಿ ಕೂತ ಧೂಳು, ನೀರಹನಿ ಹಾರಿಹೋಗುತ್ತವೆ. ನಂತರ ರೆಗ್ಯುಲೇಟರನ್ನು ಬಿಗಿದು, ಅದರ ಮುಂದೆ ನಿಲ್ಲದೆ ಪಕ್ಕಕ್ಕೆ ನಿಂತು ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುವುದನ್ನು ಬಿಡಬಾರದು, ಏಕೆಂದರೆ ವಾಸನೆಯಿಲ್ಲದ ಅನಿಲದ ಸೋರಿಕೆ ಮೂಗಿಗೆ ತಿಳಿಯುವುದಿಲ್ಲ. ರಾತ್ರಿಯೆಲ್ಲ ಸೋರಿ ಬೆಳಿಗ್ಗೆ ಮುಳ್ಳು ಸೊನ್ನೆಯಲ್ಲಿರುವುದನ್ನು ಕಂಡವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಹರಿವು ಎಷ್ಟಿರಬೇಕೆಂಬಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಅನಿಲ ಹೆಚ್ಚು ಬಿಟ್ಟಷ್ಟೂ ರಕ್ಷಣೆ ಹೆಚ್ಚು ಎಂಬ ನಂಬಿಕೆ ಸಹಜವಾದರೂ ಸುಳ್ಳು. ಆರ್ಗಾನ್ ತನ್ನ ಭಾರದಿಂದ ಮೆಲ್ಲಗೆ ಇಳಿದು ಹರಡಿದರೆ ಮಾತ್ರ ಕಂಬಳಿಯಾಗುತ್ತದೆ. ನಲ್ಲಿಯನ್ನು ಪೂರ್ತಿ ತಿರುಗಿಸಿದಾಗ ಕೊಡದ ನೀರು ಹೇಗೆ ಗಾಳಿಯನ್ನು ಸೇರಿಸಿಕೊಂಡು ನೊರೆಯಾಗುತ್ತದೆಯೋ ಹಾಗೆ ಜೋರಾಗಿ ನುಗ್ಗಿದ ಅನಿಲ ಸುಳಿಯಾಗಿ ಸುತ್ತಲಿನ ಗಾಳಿಯನ್ನೇ ಬೆಸುಗೆಯೊಳಕ್ಕೆ ಎಳೆಯುತ್ತದೆ. ಬೆಸುಗೆಯಲ್ಲಿ ಸೂಜಿ ಚುಚ್ಚಿದಂತಹ ತೂತು ಕಂಡ ಕೂಡಲೇ ಹರಿವನ್ನು ಏರಿಸುವವರು ತೂತನ್ನು ಹೆಚ್ಚಿಸುತ್ತಿರುತ್ತಾರೆ. ನಾಜಲ್‌ನ ಸಂಖ್ಯೆ ಇಂಚಿನ ಹದಿನಾರನೇ ಭಾಗಗಳ ಲೆಕ್ಕ. 6ನೇ ನಂಬರ್ ಎಂದರೆ ಸುಮಾರು ಒಂಬತ್ತೂವರೆ ಮಿ.ಮೀ. ಬಾಯಿ. ಅದಕ್ಕೆ ನಿಮಿಷಕ್ಕೆ 6ರಿಂದ 8 ಲೀಟರ್ ಸಾಕು. ದೊಡ್ಡ ನಾಜಲ್ ಹಾಕಿದರೆ 10ರವರೆಗೆ ಹೋಗಬಹುದು. ಅದಕ್ಕೂ ಹೆಚ್ಚು ಬೇಕೆನಿಸಿದರೆ ಗಾಳಿ ಎಲ್ಲಿಂದ ಬೀಸುತ್ತಿದೆಯೆಂದು ಹುಡುಕುವುದು ಮೇಲು. ಸೆಕೆಗೆಂದು ಹಾಕಿಕೊಂಡ ಟೇಬಲ್ ಫ್ಯಾನು, ಗ್ರೈಂಡರಿನ ಗಾಳಿ, ಎದುರುಬದುರು ತೆರೆದ ಬಾಗಿಲು, ಇವುಗಳಲ್ಲಿ ಯಾವುದಾದರೊಂದು ಸಿಕ್ಕೇ ಸಿಗುತ್ತದೆ. ಮರೆಗೆ ತಗಡನ್ನು ನಿಲ್ಲಿಸಬೇಕೇ ಹೊರತು ಅಡಿಕೆ ಸೋಗೆಯ ತಟ್ಟಿಯನ್ನಲ್ಲ. ಒಣಗಿದ ಸೋಗೆಗೆ ಒಂದು ಕಿಡಿ ಸಾಕು.

ಟಂಗ್‌ಸ್ಟನ್ ಮೊನೆಯನ್ನು ಉದ್ದುದ್ದಕ್ಕೆ, ಪೆನ್ಸಿಲಿನಂತೆ ಮಸೆದು, ನಾಜಲ್‌ನಿಂದ 3ರಿಂದ 5 ಮಿ.ಮೀ. ಮಾತ್ರ ಹೊರಗಿಡಬೇಕು. ಕೆಂಪು ತುದಿಯ ಟಂಗ್‌ಸ್ಟನ್‌ನಲ್ಲಿ ವಿಕಿರಣಶೀಲ ಥೋರಿಯಂ ಇರುವುದರಿಂದ ಅದರ ಮಸೆದ ಧೂಳು ಶ್ವಾಸಕ್ಕೆ ಹೋಗಬಾರದು. ಬೂದು ಅಥವಾ ಚಿನ್ನದ ಬಣ್ಣದ ತುದಿಯವು ಸಿಗುವಾಗ ಕೆಂಪನ್ನು ಬಳಸುವ ಅಗತ್ಯ ನನಗೆ ಕಾಣದು.

ಬೆಸೆಯುವಾಗ

ಸ್ಟೇನ್‌ಲೆಸ್ ಸ್ಟೀಲಿಗೆ ಡಿ.ಸಿ.ಯಲ್ಲಿ ಟಾರ್ಚನ್ನು ನೆಗೆಟಿವ್‌ಗೆ ಜೋಡಿಸಬೇಕು, ಅಲ್ಯೂಮಿನಿಯಮ್ಮಿಗೆ ಎ.ಸಿ. ಬೇಕು. ಒಂದೂವರೆ ಮಿ.ಮೀ. ತಗಡಿಗೆ 40ರಿಂದ 55 ಆಂಪಿಯರ್ ಇಟ್ಟು ಹೊಂದಿಸಿಕೊಳ್ಳಬಹುದು. 304 ದರ್ಜೆಯ ಸ್ಟೇನ್‌ಲೆಸ್ ತಗಡಿಗೆ, ಸಂದಿಗೆ ಕರಗಿಸಿ ತುಂಬುವ ಕಡ್ಡಿಯಾಗಿ 308ಎಲ್ ಫಿಲ್ಲರ್ ರಾಡ್ ಹೊಂದುತ್ತದೆ. ಎಣ್ಣೆ, ಚೊಗರು ಹಿಡಿದ ಹಂಡೆಯಾದರೆ ಎರಡು ಬದಿಗೂ ಲೋಹ ಮಿನುಗುವವರೆಗೆ ಉಜ್ಜಿ, ಅಸಿಟೋನಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆಯೇ ಆರ್ಕ್ ಹೊತ್ತಿಸಬೇಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಎಂದೂ ಒರೆಸಬಾರದು. ಆರ್ಕ್‌ನ ಅತಿನೇರಳೆ ಕಿರಣ ತಗುಲಿದಾಗ ಅದರ ಆವಿಯಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಆರ್ಗಾನ್ ಆರ್ಕ್‌ಗೆ ಹೊಗೆ ಕಡಿಮೆಯಾದ್ದರಿಂದ ಅದರ ಕಿರಣಗಳು ಇನ್ನೂ ತೀಕ್ಷ್ಣವಾಗಿ ಬಡಿಯುತ್ತವೆ. ಮುಖವಾಡಕ್ಕೆ ಹತ್ತನೇ ನಂಬರಿನ ಕಪ್ಪು ಗಾಜು, ತೋಳು ಮುಚ್ಚಿದ ಅಂಗಿ ಇಲ್ಲದೆ ಕೂರುವುದು ಸಲ್ಲದು.

ಆರ್ಕ್ ಹೊತ್ತುವ ಮೊದಲು ಒಂದು ಸೆಕೆಂಡು ಅನಿಲ ಬರಬೇಕು. ಆರ್ಕ್ ಆರಿದ ನಂತರ ಹತ್ತು ಆಂಪಿಯರಿಗೆ ಒಂದು ಸೆಕೆಂಡಿನಂತೆ, ಅಂದರೆ 50 ಆಂಪಿಯರಿಗೆ ಐದು ಸೆಕೆಂಡು, ಟಾರ್ಚನ್ನು ಎತ್ತದೆ ಅಲ್ಲಿಯೇ ಹಿಡಿದಿರಬೇಕು. ಬೆಸುಗೆ ಹೇಗಿದೆ ನೋಡುವ ಆತುರದಲ್ಲಿ ಟಾರ್ಚನ್ನು ಎತ್ತಿಬಿಟ್ಟರೆ ಕೆಂಡದಂತಿರುವ ಟಂಗ್‌ಸ್ಟನ್ನೂ ಕೊನೆಯ ಗುಳಿಯೂ ಗಾಳಿ ಕುಡಿದು ಕಪ್ಪಾಗುತ್ತವೆ. ಅನಿಲ ಸರಿಯಾಗಿ ಕವಿದಿತ್ತೇ ಎಂಬುದನ್ನು ಬೆಸುಗೆಯ ಬಣ್ಣವೇ ಹೇಳುತ್ತದೆ: ಬೆಳ್ಳಿ ಅಥವಾ ಒಣಹುಲ್ಲಿನ ಬಣ್ಣವಿದ್ದರೆ ಉತ್ತಮ, ನೀಲಿಯಾಗಿದ್ದರೆ ಶಾಖ ಹೆಚ್ಚಾಗಿದೆ ಅಥವಾ ಅನಿಲ ಸಾಲದಾಗಿದೆ, ಮಂಕು ಬೂದಿ ಬಣ್ಣ ಬಂದಿದ್ದರೆ ಕ್ರೋಮಿಯಂ ಸುಟ್ಟಿದೆ ಮತ್ತು ಆ ಜಾಗ ಮುಂದೆ ತುಕ್ಕು ಹಿಡಿಯುತ್ತದೆ.

ಪೈಪಿನ ಕೆಲಸದಲ್ಲಿ ಹೊರಗೆ ಮಾತ್ರ ಆರ್ಗಾನ್ ಇದ್ದರೆ ಸಾಲದು. ಒಳಬದಿಯಲ್ಲಿ ಕರಗಿದ ಲೋಹ ಗಾಳಿಗೆ ತೆರೆದಿರುವುದರಿಂದ ಅಲ್ಲಿ ಕರಿ ಸಕ್ಕರೆಯ ಹರಳಿನಂತಹ ಒರಟು ಪದರ ಬೆಳೆಯುತ್ತದೆ. ಹಾಲು ಹರಿಯುವ ಪೈಪಾದರೆ ಆ ಸಂದಿಯಲ್ಲಿ ಹಾಲು ಕೂತು ಹುಳಿಯಾಗುವುದು ಖಂಡಿತ. ಇದಕ್ಕೆ ಪೈಪಿನ ಎರಡು ತುದಿಗಳನ್ನೂ ಮುಚ್ಚಿ, ಒಳಗೂ ಆರ್ಗಾನ್ ತುಂಬಬೇಕು. ಇಲ್ಲಿ ಮತ್ತೆ ತೂಕದ ವಿಚಾರ ಬರುತ್ತದೆ: ಅನಿಲವನ್ನು ಕೆಳಗಿನ ತುದಿಯಿಂದ ಬಿಟ್ಟು, ಗಾಳಿ ಹೊರಹೋಗುವ ಸಣ್ಣ ತೂತನ್ನು ಮೇಲಿನ ತುದಿಯಲ್ಲಿಡಬೇಕು. ಬಾವಿಯಲ್ಲಿ ನೀರು ಏರುವಂತೆ ಆರ್ಗಾನ್ ತಳದಿಂದ ಏರುತ್ತಾ ಗಾಳಿಯನ್ನು ಮೇಲಕ್ಕೆ ನೂಕುತ್ತದೆ. 50 ಮಿ.ಮೀ. ಒಳವ್ಯಾಸದ ಒಂದು ಮೀಟರ್ ಪೈಪಿನಲ್ಲಿ ಹಿಡಿಯುವುದು ಸುಮಾರು 2 ಲೀಟರ್. ಅದರ ಐದು ಪಟ್ಟು, ಅಂದರೆ 10 ಲೀಟರ್ ಹಾಯಿಸಿದ ನಂತರ ಬೆಸೆಯಲು ಆರಂಭಿಸಬಹುದು. ನಿಮಿಷಕ್ಕೆ 5 ಲೀಟರಿನಂತೆ ಇದು ಎರಡೇ ನಿಮಿಷದ ಕೆಲಸ. ಬೆಸೆಯುವಾಗ ಹರಿವನ್ನು ತಗ್ಗಿಸಿ, ಮೇಲಿನ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳದಿದ್ದರೆ ಒಳಗಿನ ಒತ್ತಡ ಕರಗಿದ ಲೋಹವನ್ನು ಹೊರಕ್ಕೆ ಉಗುಳಿಸುತ್ತದೆ.

ಮಳೆಗಾಲದಲ್ಲಿ

ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ನಮ್ಮಲ್ಲಿ ಹಪ್ಪಳ ಮಾತ್ರವಲ್ಲ, ಕಬ್ಬಿಣವೂ ಬೆವರುತ್ತದೆ. ಬೇಸಿಗೆಯಲ್ಲಿ ಇಟ್ಟ ಲೆಕ್ಕದಲ್ಲೇ ಕೆಲಸ ಮಾಡಿದರೂ ತೂತು ಬೀಳಲು ಕಾರಣ ಹಲವು ವೇಳೆ ಸಿಲಿಂಡರ್ ಅಲ್ಲ, ಅದರಿಂದ ಅನಿಲ ತರುವ ರಬ್ಬರ್ ಪೈಪು. ಒಳಗೆ ಒಣ ಆರ್ಗಾನ್, ಹೊರಗೆ ತೊಟ್ಟಿಕ್ಕುವಷ್ಟು ತೇವವಿರುವಾಗ, ಒಳಗೆ ಒತ್ತಡವಿದ್ದರೂ ನೀರಿನ ಆವಿ ರಬ್ಬರಿನ ಗೋಡೆಯಲ್ಲಿ ಮೆಲ್ಲಗೆ ಇಂಗಿ ಒಳಸೇರುತ್ತದೆ, ಏಕೆಂದರೆ ಅದು ನೋಡುವುದು ಆರ್ಗಾನ್‌ನ ಒತ್ತಡವನ್ನಲ್ಲ, ಒಳಗೆ ತನ್ನಂತಹ ಆವಿ ಎಷ್ಟಿದೆಯೆಂಬುದನ್ನು. ಆದ್ದರಿಂದ ಬೆಳಿಗ್ಗೆ ಮೊದಲ ಬೆಸುಗೆಗೆ ಮುನ್ನ ಒಂದೆರಡು ನಿಮಿಷ ಅನಿಲವನ್ನು ಸುಮ್ಮನೆ ಹಾಯಬಿಡಬೇಕು. ಪೈಪು ಗಿಡ್ಡವಾಗಿದ್ದಷ್ಟೂ ಒಳ್ಳೆಯದು. ಫಿಲ್ಲರ್ ರಾಡುಗಳನ್ನು ಮುಚ್ಚಳವಿರುವ ಡಬ್ಬದಲ್ಲಿಟ್ಟು, ತಣ್ಣಗಿನ ತಗಡನ್ನು ಬೆಸೆಯುವ ಮೊದಲು ಕೈಗೆ ಬೆಚ್ಚಗಾಗುವಷ್ಟು ಕಾಯಿಸಿ ಒರೆಸಿದರೆ ಉಳಿದ ತೊಂದರೆ ಕಳೆಯುತ್ತದೆ.

ಗುಂಡಿ, ಹಂಡೆ, ಬಾವಿ

ಕಂಬಳಿಯಾಗಿ ಕೂರುವ ಅದೇ ಭಾರ ಮನುಷ್ಯನನ್ನು ಕೊಲ್ಲಲೂ ಬಲ್ಲದು. ನೀರಿನ ಸಂಪು, ಗೋಬರ್ ಗ್ಯಾಸ್ ತೊಟ್ಟಿ, ಆಳದ ಹಂಡೆ, ಹಾಲಿನ ಟ್ಯಾಂಕು ಇವುಗಳೊಳಗೆ ಬೆಸೆಯುವಾಗ ಬಿಟ್ಟ ಆರ್ಗಾನ್ ಹೊರಹೋಗದೆ ತಳದಲ್ಲಿ ತುಂಬಿಕೊಂಡು ಗಾಳಿಯನ್ನು ಮೇಲಕ್ಕೆ ನೂಕುತ್ತದೆ. ಆಗ ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ. ನಮ್ಮ ದೇಹ ಉಸಿರಿಗಾಗಿ ತಹತಹಿಸುವುದು ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗಲೇ ಹೊರತು ಆಮ್ಲಜನಕ ಕಡಿಮೆಯಾದಾಗ ಅಲ್ಲ. ಆರ್ಗಾನ್ ಉಸಿರಾಡುವವನು ಇಂಗಾಲದ ಡೈಆಕ್ಸೈಡನ್ನು ಎಂದಿನಂತೆ ಹೊರಬಿಡುತ್ತಲೇ ಇರುವುದರಿಂದ ಯಾವ ಎಚ್ಚರಿಕೆಯೂ ಇಲ್ಲದೆ ಕುಸಿಯುತ್ತಾನೆ. ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ 19.5ಕ್ಕಿಂತ ಕೆಳಗಿಳಿದ ಜಾಗಕ್ಕೆ ಇಳಿಯಬಾರದು. ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಹಳೆಯ ಕ್ರಮ ಇಲ್ಲಿ ಸಾಲದು, ಏಕೆಂದರೆ ದೀಪ ಆರುವಷ್ಟರಲ್ಲಿ ಆಮ್ಲಜನಕ ಅದಕ್ಕಿಂತ ಬಹಳ ಕೆಳಗೆ ಇಳಿದಿರುತ್ತದೆ. ಆಮ್ಲಜನಕದ ಮೀಟರನ್ನೇ ಬಳಸಬೇಕು. ಮೇಲಿನಿಂದ ಬ್ಲೋವರ್ ಮೂಲಕ ಗಾಳಿಯನ್ನು ತಳದವರೆಗೆ ಪೈಪಿನಲ್ಲಿ ಇಳಿಸಿ, ಮೇಲೆ ಒಬ್ಬರನ್ನು ಹಗ್ಗ ಹಿಡಿದು ನಿಲ್ಲಿಸಿ, ಊಟಕ್ಕೆ ಎದ್ದಾಗ ಟಾರ್ಚನ್ನು ಒಳಗೆ ಬಿಡದೆ ಮೇಲಕ್ಕೆ ತಂದಿಡಬೇಕು. ಒಳಗಿದ್ದವರು ಬಿದ್ದರೆ ಎತ್ತಲು ಹಿಂದೆಯೇ ಧುಮುಕಬಾರದು. ಹಾಗೆ ಧುಮುಕಿದವರೂ ಅವರ ಪಕ್ಕದಲ್ಲೇ ಬೀಳುತ್ತಾರೆ. ಮೇಲಿನಿಂದಲೇ ಹಗ್ಗದಿಂದ ಎಳೆದುಕೊಳ್ಳಬೇಕು.

ದಿನದ ಕೆಲಸ ಮುಗಿದಾಗ ಮೊದಲು ಸಿಲಿಂಡರಿನ ವಾಲ್ವನ್ನು ಮುಚ್ಚಿ, ಟಾರ್ಚಿನ ಗುಂಡಿ ಒತ್ತಿ ಪೈಪಿನಲ್ಲಿ ಉಳಿದ ಅನಿಲವನ್ನು ಬಿಟ್ಟು, ಮುಳ್ಳು ಸೊನ್ನೆಗೆ ಬಂದ ಮೇಲೆ ರೆಗ್ಯುಲೇಟರಿನ ಸ್ಕ್ರೂ ಸಡಿಲಿಸಬೇಕು. ಸಿಲಿಂಡರ್ ಪೂರ್ತಿ ಬರಿದಾಗುವವರೆಗೂ ಬಳಸುವ ಜಿಪುಣತನ ಬೇಡ. ಮುಳ್ಳು ಎರಡು-ಮೂರು ಕೆ.ಜಿ. ತೋರಿಸುವಾಗಲೇ ವಾಲ್ವನ್ನು ಮುಚ್ಚಿ, ಟೋಪಿ ಹಾಕಿ, ‘ಖಾಲಿ’ ಎಂದು ಸೀಮೆಸುಣ್ಣದಲ್ಲಿ ಬರೆದು ಹಿಂದಕ್ಕೆ ಕಳಿಸಬೇಕು. ಒತ್ತಡವಿಲ್ಲದೆ ವಾಲ್ವ್ ತೆರೆದಿಟ್ಟ ಸಿಲಿಂಡರಿನೊಳಗೆ ಸೇರಿಕೊಂಡ ನಮ್ಮ ಜುಲೈ ತಿಂಗಳ ಗಾಳಿ, ಮುಂದಿನ ಬಾರಿ ತುಂಬಿಸಿದ ಆರ್ಗಾನ್ ಜೊತೆಗೆ ಯಾವುದೋ ಶೆಡ್ಡಿನ ಬೆಸುಗೆಯಲ್ಲಿ ತೂತಾಗಿ ಹೊರಬರುತ್ತದೆ.